ಎತ್ತಿನಿಂದ ಟ್ರ್ಯಾಕ್ಟರಿಗೆ: ಆದವಾನಿ ಸೀಮೆಯ ಎಳೆತದ ಅಭಿಮಾನ

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಡಿ ಬದಲಾಯಿತು, ಎರೆಭೂಮಿ ಬದಲಾಗಲಿಲ್ಲ, ಹತ್ತಿಯೂ ಬದಲಾಗಲಿಲ್ಲ. ಆ ಹತ್ತಿಯನ್ನು ಆದವಾನಿ ಮಾರುಕಟ್ಟೆಗೆ ಯಾವ ಗಾಡಿ ಎಳೆದು ತರಬೇಕು ಅನ್ನುವ ಪೈಪೋಟಿ ಬಗ್ಗೆ ಎರಡು ಮಾತು ಹೇಳ್ತೀನಿ.

ಮೊದಲು ಎತ್ತಿದ್ದವು. ರಾಯಲಸೀಮೆಯ ಜಾತ್ರೆಗಳಲ್ಲಿ ಇವತ್ತಿಗೂ ಎತ್ತಿನ ಜೋಡಿಗಳಿಂದ ಬಂಡೆಕಲ್ಲು ಎಳೆಸುವ ಪಂದ್ಯ ನಡೀತವೆ. ಗೆದ್ದರೆ ಮರ್ಯಾದೆ ಯಜಮಾನನಿಗೆ. ಎತ್ತಿಗೆ ಅಂತಿದ್ದ 'ದಮ್ಮೈತೆ' ಅನ್ನೋ ಮಾತು ಈಗ ಇಂಜಿನ್ನಿಗೆ ಬಂದಿದೆ. ಟ್ರೇಲರ್ ತುಂಬಿದ ಮೇಲೆ ಮಹೀಂದ್ರಾದವನು ಸ್ವರಾಜ್ ಹಳೀತಾನೆ, ಸ್ವರಾಜ್‌ನವನು ಮಹೀಂದ್ರಾ.

ಮಹೀಂದ್ರಾ 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಉದ್ಯಮಕ್ಕೆ ಇಳಿಯಿತು. ಸ್ವರಾಜ್ ದುರ್ಗಾಪುರದ ಸರ್ಕಾರಿ ಸಂಶೋಧನಾಲಯದ ವಿನ್ಯಾಸ. ಪಂಜಾಬ್ ಟ್ರ್ಯಾಕ್ಟರ್ಸ್ ಅದನ್ನು 1974ರಲ್ಲಿ ಮಾರುಕಟ್ಟೆಗೆ ತಂದಿತು. 2007ರಲ್ಲಿ ಆ ಕಂಪನಿಯನ್ನೇ ಮಹೀಂದ್ರಾ ಕೊಂಡಿತು. ಒಡೆತನ ಒಂದಾಯ್ತು, ಕಟ್ಟೆ ಮೇಲಿನ ವಾದ ಮಾತ್ರ ನಿಲ್ಲಲಿಲ್ಲ.

ಇದನ್ನು ತಿಳಿಗೇಡಿತನ ಅನ್ನೋಕಾಗಲ್ಲ. ಸಾಲ ಮಾಡಿ ಕೊಂಡ ಗಾಡಿ ಹತ್ತಿ ಬಿಡಿಸುವ ಕಾಲಕ್ಕೆ ಕೆಟ್ಟು ನಿಂತರೆ ಬಾಡಿಗೆ ಹೋಯ್ತು, ಕಂತೂ ತಪ್ಪಿತು. ಯಾವುದರ ಸ್ಪೇರು ಹತ್ತಿರ ಸಿಗುತ್ತೆ, ಯಾವುದನ್ನು ಊರ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ, ಮಾರುವಾಗ ಯಾವುದಕ್ಕೆ ಬೆಲೆ ನಿಲ್ಲುತ್ತೆ ಅನ್ನೋ ಲೆಕ್ಕದ ಮೇಲೆ ಈ ಅಭಿಮಾನ ನಿಂತಿದೆ. ಇವು ಯಾವುವೂ ಕಂಪನಿಯ ಮಾಲೀಕ ಬದಲಾದ ದಿನವೇ ಬದಲಾಗುವಂಥವಲ್ಲ. ಹಾಗಾಗಿ ಈ ಪೈಪೋಟಿಯನ್ನು ರೈತನ ಸಾಲದ ಚರಿತ್ರೆಯೊಳಗೆ ಇಟ್ಟು ಓದಬೇಕು ಅನ್ನೋದು ನನ್ನ ವಾದ. ಚರ್ಚೆಗೆ ತಮ್ಮೆದುರು ಇಡ್ತಿದೀನಿ.