ಹೀಲಾ ಕೋಶಗಳ ಮೈಲಿಗೆ

ದಲಿತ ವಿಮರ್ಶೆ ಇದುವರೆಗೆ ಕಾವ್ಯ, ಪುರಾಣ, ಶಾಸನಗಳನ್ನು ಓದುತ್ತಾ ಬಂದಿದೆ. ಇದರಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ, ಬಿಟ್ಟವರು ಯಾರು ಅಂತ ಕೇಳಿದೆ. ಈ ಪ್ರಶ್ನೆಯನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೂ ಹಾಕಬೇಕಾಗಿದೆ. ಸಂಶೋಧನೆಗಾಗಿ ಮನುಷ್ಯರ ಅಂಗಾಂಶಗಳನ್ನು ತೆಗೆದು, ನಂಬರು ಹಾಕಿ, ಶೈತ್ಯದಲ್ಲಿಡುವ ಸಂಗ್ರಹಗಳು ಇಂದು ಲೋಕದ ತುಂಬ ಇವೆ. ಅವುಗಳ ನೋಂದಣಿಗೆ, ಶುದ್ಧತೆಗೆ ನಿಯಮಗಳೂ ಬಂದಿವೆ. ಈ ನಿಯಮಗಳ ಚರಿತ್ರೆಯ ನಟ್ಟನಡುವೆ ಒಬ್ಬ ಕಪ್ಪು ಹೆಂಗಸು ಇದ್ದಾಳೆ.

ಹೆನ್ರಿಯೆಟಾ ಲ್ಯಾಕ್ಸ್ ವರ್ಜೀನಿಯಾದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದವಳು, ಗುಲಾಮರ ವಂಶದವಳು. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿದಳು. ಅಲ್ಲಿ ಕಪ್ಪು ಜನಕ್ಕೆ ಬೇರೆ ವಾರ್ಡು. ಚಿಕಿತ್ಸೆ ನಡೆಯುವಾಗ ಗಡ್ಡೆಯ ಒಂದು ಚೂರನ್ನು ಕತ್ತರಿಸಿ ಜಾರ್ಜ್ ಗೈ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಕಳಿಸಿದರು. ಆಕೆಯನ್ನು ಯಾರೂ ಕೇಳಲಿಲ್ಲ. ಬಡ ರೋಗಿಯನ್ನು ಕೇಳೋ ಪದ್ಧತಿಯೇ ಆಗ ಇರಲಿಲ್ಲ. ಆಕೆಯ ಹೆಸರು, ಮನೆತನದ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಶೀಶೆಯ ಮೇಲೆ 'ಹೀಲಾ' ಎಂದು ಬರೆದರು. ಅಕ್ಟೋಬರ್ 4ರಂದು, 31ನೇ ವಯಸ್ಸಿಗೆ, ಆಕೆ ತೀರಿಕೊಂಡಳು. ಕೋಶಗಳು ಮಾತ್ರ ಸಾಯದೆ ಬೆಳೆಯುತ್ತಲೇ ಹೋದವು. 1953ರಿಂದ ಅಲಬಾಮಾದ ಟಸ್ಕೆಗೀ ಸಂಸ್ಥೆಯಲ್ಲಿ ಕಪ್ಪು ತಂತ್ರಜ್ಞರು ಅವುಗಳನ್ನು ರಾಶಿ ರಾಶಿಯಾಗಿ ಬೆಳೆಸಿ ಪೋಲಿಯೋ ಲಸಿಕೆಯ ಪರೀಕ್ಷೆಗೆ ಕಳಿಸಿದರು. ಅದೇ ಟಸ್ಕೆಗೀಯಲ್ಲಿ ಸರ್ಕಾರಿ ವೈದ್ಯರು ಕಪ್ಪು ಗಂಡಸರ ಸಿಫಿಲಿಸ್‌ಗೆ ಮದ್ದು ಕೊಡದೆ, ರೋಗ ಹೇಗೆ ಮುಂದುವರಿಯುತ್ತೆ ಅಂತ 1972ರವರೆಗೂ ನೋಡುತ್ತಾ ಕೂತಿದ್ದರು.

ಹೀಲಾ ಕೋಶಗಳು ಮಾರಾಟದ ಸರಕಾದವು. ಆದರೆ ಪತ್ರಿಕೆಗಳಲ್ಲಿ ಆಕೆ 'ಹೆಲೆನ್ ಲೇನ್' ಎಂಬ ಸುಳ್ಳು ಹೆಸರಿನವಳಾಗಿಯೇ ಉಳಿದಳು. ನಿಜವಾದ ಹೆಸರು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದು 1971ರಲ್ಲಿ.

ಇಷ್ಟರಲ್ಲಿ ಇನ್ನೊಂದು ಸಂಗತಿ ಬಯಲಾಗಿತ್ತು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆ ಬೇರೆ ಜನರ ಬೇರೆ ಬೇರೆ ಅಂಗಗಳದ್ದೆಂದು ಚೀಟಿ ಹಚ್ಚಿದ್ದ 18 ಕೋಶತಳಿಗಳಲ್ಲಿ ಒಂದೇ ಬಗೆಯ ಕಿಣ್ವವಿದೆ ಎಂದು ತೋರಿಸಿದ. ಅದು ಹೆಚ್ಚಾಗಿ ಆಫ್ರಿಕಾ ಮೂಲದವರಲ್ಲಿ ಮಾತ್ರ ಕಾಣುವ ಬಗೆ. ಬಿಳಿಯರಿಂದ ಬಂದವೆಂದು ದಾಖಲಾಗಿದ್ದ ತಳಿಗಳಲ್ಲೂ ಅದೇ ಇತ್ತು. ಅಂದರೆ ಯಕೃತ್ತು, ಕರುಳು ಎಂದು ಹೆಸರಿಟ್ಟು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದು ಹೆನ್ರಿಯೆಟಾಳ ಕೋಶಗಳ ಮೇಲೇ!

ಇಲ್ಲಿ ವಿಜ್ಞಾನ ಬಳಸಿದ ಭಾಷೆಯನ್ನು ಗಮನಿಸಬೇಕು. ಹೀಲಾ ಬೇರೆ ತಳಿಗಳನ್ನು 'ಕೆಡಿಸಿತು', 'ಆಕ್ರಮಿಸಿತು' ಎಂದು ಬರೆದರು. ನಮ್ಮ ಮಾತಲ್ಲಿ ಹೇಳೋದಾದರೆ ಮೈಲಿಗೆ ಮಾಡಿತು. ಕೋಶಗಳು ಬೆರೆತದ್ದು ಸುಳ್ಳಲ್ಲ. ಆದರೆ ಬೆರೆಸಿದ್ದು ತೊಳೆಯದ ಉಪಕರಣ, ಅಜಾಗರೂಕ ಕೈ, ತಪ್ಪು ಚೀಟಿ. ಕೇಳದೆ ತಂದಿಟ್ಟುಕೊಂಡವರ ತಪ್ಪು ತಂದದ್ದರ ಸ್ವಭಾವವಾಗಿಬಿಟ್ಟಿತು. 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರರೂ ಅವರ ಜನರೂ ಕುಡಿದಾಗ, ಸವರ್ಣೀಯರು 108 ಕೊಡಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಶುದ್ಧಿ ಮಾಡಿದರು. ಎರಡೂ ಒಂದೇ ಅಲ್ಲ: ಕೆರೆಯ ಮೈಲಿಗೆ ಕಲ್ಪನೆ, ಪ್ರಯೋಗಶಾಲೆಯ ಬೆರಕೆ ವಾಸ್ತವ. ಆದರೆ ಮೈಲಿಗೆಯ ಹೊಣೆ ಯಾರ ತಲೆಗೆ ಬಂತು ಅನ್ನೋದರಲ್ಲಿ ಎರಡಕ್ಕೂ ನಂಟಿದೆ.

ಬೆರಕೆ ಗುರುತಿಸಲು ಹೀಲಾದ ಅಸಲು ಲಕ್ಷಣ ಗೊತ್ತಾಗಬೇಕಿತ್ತು. ದಾಖಲೆಯಲ್ಲಿ ಅದಿರಲಿಲ್ಲ. ಆಗ ನೆನಪಾದದ್ದು ಆಕೆಯ ಮನೆ! 1973ರಲ್ಲಿ ಅದೇ ಆಸ್ಪತ್ರೆಯವರು ಗಂಡ, ಮಕ್ಕಳ ರಕ್ತ ತೆಗೆದುಕೊಂಡರು. ತಮಗೂ ಕ್ಯಾನ್ಸರ್ ಇದೆಯೋ ಎಂದು ಪರೀಕ್ಷೆ ಮಾಡ್ತಿದ್ದಾರೆ ಅಂತಲೇ ಆ ಮನೆಯವರು ನಂಬಿದ್ದರು. ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಅದೇ ಮನೆ, ಅದೇ ವಿವರಣೆಯಿಲ್ಲದ ಸೂಜಿ.

ಇದರರ್ಥ ನೋಂದಣಿ ಬೇಡವೆಂದಲ್ಲ. ಸ್ತನದ ಕ್ಯಾನ್ಸರ್ ಎಂದುಕೊಂಡು ಗರ್ಭಕೊರಳಿನ ಕೋಶದ ಮೇಲೆ ಔಷಧಿ ಹುಡುಕಿದರೆ ಕೆಡುವುದು ರೋಗಿಯ ಬದುಕೇ. ಇವತ್ತು ಪ್ರತಿ ತಳಿಯ ಡಿಎನ್‌ಎ ಗುರುತು ನೋಡುವ ಮಾನದಂಡವಿದೆ. ಹುಸಿ ತಳಿಗಳ ಅಂತರರಾಷ್ಟ್ರೀಯ ಪಟ್ಟಿಯಿದೆ, ಅದರಲ್ಲಿ ನೂರಕ್ಕೂ ಹೆಚ್ಚು ನಿಜದಲ್ಲಿ ಹೀಲಾ. ಪ್ರಶ್ನೆ ಇರುವುದು ದಾಖಲೆ ಯಾರಿಗೆ ಉತ್ತರ ಕೊಡಬೇಕು ಎಂಬುದರಲ್ಲಿ. ಮಾಲು ಅಸಲೋ ನಕಲೋ ಎಂಬುದಕ್ಕೆ ಮಾನದಂಡ ಬಂತು. ಕೊಟ್ಟವರ ಹಕ್ಕಿಗೆ ಬರಲು ಇನ್ನೂ ತಡವಾಯಿತು. 2013ರಲ್ಲಿ ಹೀಲಾದ ಇಡೀ ಜೀನೋಮನ್ನು ಮನೆಯವರನ್ನು ಕೇಳದೆ ಪ್ರಕಟಿಸಿದರು. ಅವರು ಪ್ರತಿಭಟಿಸಿದ ಮೇಲೆ ಅದನ್ನು ಬಳಸಲು ಅನುಮತಿ ಕೊಡುವ ಸಮಿತಿಯಲ್ಲಿ ಅವರಿಗೆ ಜಾಗ ಸಿಕ್ಕಿತು. ಕೋಶ ಮಾರಿ ಲಾಭ ಮಾಡಿದ ಥರ್ಮೋ ಫಿಶರ್ ಕಂಪನಿ ರಾಜಿಗೆ ಬಂದದ್ದು 2023ರಲ್ಲಿ.

ಹೀಲಾ ನಮ್ಮಿಂದಲೂ ದೂರವಿಲ್ಲ. ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಲ್ಲಿ ಆ ಕೋಶಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಅಂಗಾಂಶದ ಸಂಗ್ರಹವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ, ಮಾದರಿಯ ಒಡೆತನ ಕೊಟ್ಟವರದ್ದು, ಸಂಸ್ಥೆ ಬರೀ ಪಾಲಕ ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಜನರಲ್ ವಾರ್ಡಿನಲ್ಲಿ ಹೆಬ್ಬೆಟ್ಟು ಒತ್ತುವ ಕೂಲಿ ಹೆಂಗಸಿಗೆ ಆ ಒಡೆತನವನ್ನು ಹೇಳೋರು ಯಾರು? ನಮ್ಮ ಕಾರ್ಯಕರ್ತರು ರೇಷನ್ ಕಾರ್ಡು, ಪಹಣಿ ಓದಿ ಹೇಳಿದ ಹಾಗೆ ಒಪ್ಪಿಗೆ ಪತ್ರವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು: ಏನು ತೆಗೀತಾರೆ, ಎಲ್ಲಿಡ್ತಾರೆ, ಯಾರಿಗೆ ಕೊಡ್ತಾರೆ, ಬೇಡವೆಂದರೆ ಹಿಂದೆ ಪಡೆಯೋದು ಹೇಗೆ. ನಮ್ಮ ವಿಮರ್ಶೆ ಓದಬೇಕಾದ ಪಠ್ಯಗಳಲ್ಲಿ ಆ ಒಂದು ಹಾಳೆಯೂ ಸೇರಬೇಕು.