ಪದಗಳನ್ನು ಎಣಿಸಿದವರು

ನಮ್ಮ ಅನ್ನಪೂರ್ಣೇಶ್ವರಿ ನಗರದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ‘ಪೂ’ ಎಂಬಲ್ಲಿ ಕೆಲವರು ಎರಡು ‘ಓ’ ಹಾಕುತ್ತಾರೆ, ಕೆಲವರು ಒಂದು ‘ಯು’ ಹಾಕಿ ಮುಗಿಸುತ್ತಾರೆ. ‘ಶ್ವ’ದಲ್ಲಿ ‘ಎಚ್’ ಬಿಡುವವರೂ ಉಂಟು. ಹೀಗೆ ಒಂದೇ ಬಡಾವಣೆಗೆ ನಾಲ್ಕು ಬಗೆಯ ಬರಹ. ಓದುವ ನಮಗೆ ನಾಲ್ಕೂ ಒಂದೇ; ಬರೀ ಎಣಿಸುವ ಯಂತ್ರಕ್ಕೆ ನಾಲ್ಕು ಬೇರೆ ಬೇರೆ ಹೆಸರು. ಅಂತರ್ಜಾಲದ ವ್ಯಾಪಾರ ಇಂತಹ ಎಣಿಕೆಯನ್ನು ನಂಬಿರುವುದರಿಂದ ಅದರ ಚರಿತ್ರೆ ತಿಳಿದಿರುವುದು ಒಳ್ಳೆಯದು.

ಈ ವಿದ್ಯೆ ಹೊಸದಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ ಗೂಢಲಿಪಿ ಬಿಡಿಸುವ ಬಗ್ಗೆ ಗ್ರಂಥ ಬರೆದರು. ಸಾಧಾರಣ ಬರಹದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಗೂಢಪತ್ರದ ಚಿಹ್ನೆಗಳೊಡನೆ ಹೋಲಿಸಿರಿ ಎಂಬುದೇ ಅವರ ಉಪಾಯ. ಹಿಜರಿ 1364ರಲ್ಲಿ (ಕ್ರಿ.ಶ. 1945) ಕೈರೋದಲ್ಲಿ ಮುಹಮ್ಮದ್ ಫುಆದ್ ಅಬ್ದುಲ್ ಬಾಖಿಯವರ ಕುರ್‌ಆನ್ ಪದಸೂಚಿ ಪ್ರಕಟವಾಯಿತು. ಅದರಲ್ಲಿ ಪದಗಳು ಧಾತುವಿನಡಿ ಸೇರಿವೆ: ಕಿತಾಬ್, ಕುತುಬ್, ಕಾತಿಬ್ ಮೂರೂ ‘ಕ-ತ-ಬ’ದ ಕೆಳಗೆ. ಎಣಿಸುವ ಮೊದಲು ಯಾವುದು ಯಾವುದರ ಬಂಧು ಎಂದು ತಿಳಿದವರ ಕೆಲಸ ಅದು.

ಎಣಿಕೆಯನ್ನು ಕಣ್ಣಿಗೆ ಕಾಣಿಸಿದವರು ಬೇರೆಯವರು. 1976ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಪ್ಯಾರಿಸ್ ಜನರು ಹೆಚ್ಚು ಹೇಳಿದ ಸ್ಥಳಗಳ ಹೆಸರನ್ನು ನಕ್ಷೆಯಲ್ಲಿ ದೊಡ್ಡದಾಗಿ ಬರೆದರು. 2004ರಲ್ಲಿ ಆರಂಭವಾದ ಫ್ಲಿಕರ್ ತಾಣದಲ್ಲಿ ಜನರು ತಮ್ಮ ಛಾಯಾಚಿತ್ರಗಳಿಗೆ ಹಚ್ಚಿದ ಪದಚೀಟಿಗಳು ಇದೇ ರೀತಿ ಹಿರಿದು ಕಿರಿದಾಗಿ ಗುಂಪುಗೂಡಿದವು. ಅದೇ ‘ಟ್ಯಾಗ್ ಕ್ಲೌಡ್’, ಪದಗಳ ಮೋಡ. ಹೋದ ವಾರ ಚಿಕ್ಕದಿದ್ದ ಪದ ಈ ವಾರ ಉಬ್ಬಿದರೆ ಜನರ ಗಮನ ಅತ್ತ ಹೊರಳಿದೆ ಎಂದು ವ್ಯಾಪಾರಿಗಳು ಗ್ರಹಿಸತೊಡಗಿದರು. ಎಲ್ಲರೂ ಇದನ್ನು ಎಷ್ಟು ಅನುಕರಿಸಿದರೆಂದರೆ, 2006ರಲ್ಲಿ ವೆಬ್ಬಿ ಪ್ರಶಸ್ತಿ ಪಡೆಯುವಾಗ ಫ್ಲಿಕರ್‌ನವರು ಟ್ಯಾಗ್ ಕ್ಲೌಡ್‌ಗಾಗಿ ಕ್ಷಮೆ ಕೇಳಿದರು! ಅದೇ ವರ್ಷ ಗೂಗಲ್ ಟ್ರೆಂಡ್ಸ್, ಮರುವರ್ಷ ಟ್ವಿಟರಿನಲ್ಲಿ ಹ್ಯಾಷ್‌ಟ್ಯಾಗ್ ಬಂದವು.

ಆ ಮೋಡದಲ್ಲಿ ನಮ್ಮ ಭಾಷೆಗಳು ಎಲ್ಲಿದ್ದವು? ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿತ್ತು. ಆದರೂ ಆಗ ನಾವು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡುತ್ತಿದ್ದೆವು. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತಗಳ ಕಲಸುಮೇಲೋಗರ. ಉರ್ದುವಿನ ಹಳೆಯ ಇನ್‌ಪೇಜ್ ಕಡತಗಳದೂ ಇದೇ ಪಾಡು. ಬರೆದದ್ದು ಬಹಳ, ಎಣಿಕೆಗೆ ಸಿಕ್ಕಿದ್ದು ಅಲ್ಪ. ಅದನ್ನು ನೋಡಿ ‘ಈ ಭಾಷೆಗಳಲ್ಲಿ ಗಿರಾಕಿಗಳಿಲ್ಲ’ ಎಂದು ಯಾರಾದರೂ ತೀರ್ಮಾನಿಸಿದ್ದರೆ ತಪ್ಪು ಅವರೊಬ್ಬರದೇ ಅಲ್ಲ.

ಯೂನಿಕೋಡ್ ಬಳಕೆಗೆ ಬಂದ ಮೇಲೂ ತೊಡಕು ಪೂರ್ತಿ ತೀರಲಿಲ್ಲ. ಬಟ್ಟೆ, ಬಟ್ಟೆಯ, ಬಟ್ಟೆಗಳು ಎಂಬುವನ್ನು ಸಾದಾ ಟ್ಯಾಗ್ ಕ್ಲೌಡ್ ಮೂರು ಪದವೆಂದೇ ಎಣಿಸುತ್ತದೆ. ರಂಜಾನ್, ರಮ್ಜಾನ್, ರಮದಾನ್ ಸಹ ಹಾಗೆಯೇ. ನಿಮ್ಮ ತಂದೆಯವರೋ ಅಣ್ಣನವರೋ ಈದ್ ಉಡುಪಿನ ಅಂಗಡಿ ನಡೆಸುತ್ತಿದ್ದರೆ ಈ ರೂಪಗಳನ್ನೆಲ್ಲ ಕೂಡಿಸಿ ಲೆಕ್ಕ ಮಾಡಿಕೊಡಿ. ಜೊತೆಗೆ ಇನ್ನೊಂದು ಎಚ್ಚರ. ಹಿಜರಿ ತಿಂಗಳುಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಆದುದರಿಂದ ಕಳೆದ ವರ್ಷದ ಅದೇ ತಾರೀಕಿನ ಎಣಿಕೆಯನ್ನು ಪಕ್ಕದಲ್ಲಿಟ್ಟರೆ ಬೇಡಿಕೆ ಏರಿತೋ ಇಳಿಯಿತೋ ತಿಳಿಯದು. ಶಅಬಾನ್ ತಿಂಗಳನ್ನು ಶಅಬಾನಿನೊಡನೆಯೇ ಹೋಲಿಸಬೇಕು.