ಗೃಹ ನಿರ್ಮಾಣ ಸಹಕಾರ ಸಂಘ

ಒಂದು ಸಂಬಳದಿಂದ ಹೊರಲಾಗದ ಮನೆಯ ಖರ್ಚನ್ನು ಹಲವರು ಕೂಡಿ ಹೊರಲೆಂದು ಸಹಕಾರ ಕಾನೂನಿನಡಿ ನೋಂದಾಯಿಸಿಕೊಂಡ ಸಂಸ್ಥೆ. ಕರ್ನಾಟಕದಲ್ಲಿ ಜನ ಇದನ್ನು ಬರೀ 'ಸೊಸೈಟಿ' ಎನ್ನುತ್ತಾರೆ. ಅದು ಹಂಚುವ ನಿವೇಶನ 'ಸೊಸೈಟಿ ಸೈಟು'. ಮುಂಬೈಯಲ್ಲಿ ಅದೇ ಮಾತಿನ ಅರ್ಥ ಬೇರೆ. ಅಲ್ಲಿ ಸೊಸೈಟಿ ಎಂದರೆ ಹತ್ತಾರು ಮನೆಗಳ ಕಟ್ಟಡ, ಅದರ ಗೇಟು, ನೀರಿನ ಟ್ಯಾಂಕು, ತಿಂಗಳ ಮೆಂಟೆನೆನ್ಸ್. ಒಂದೇ ಚಳವಳಿ ಒಂದು ಊರಲ್ಲಿ ನೆಲ ಹಂಚುವ ಕೆಲಸವಾಯಿತು, ಇನ್ನೊಂದು ಊರಲ್ಲಿ ಮನೆ ಕಾಯುವ ಕೆಲಸವಾಯಿತು. ಅಗ್ಗದ ಮನೆ ಹುಡುಕುವ ಕುಟುಂಬಕ್ಕೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯ.

ಮೈಸೂರು ಸಂಸ್ಥಾನದಲ್ಲಿ ಸಹಕಾರ ಕಾನೂನು ಬಂದದ್ದು 1905ರಲ್ಲಿ. ಅದಕ್ಕೆ ಮುಂಚೆಯೇ, 1898ರ ಪ್ಲೇಗು ಬೆಂಗಳೂರಿನ ಹಳೆಯ ಪೇಟೆಯ ಇಕ್ಕಟ್ಟನ್ನು ಎಲ್ಲರ ಕಣ್ಣಿಗೆ ತೋರಿಸಿಬಿಟ್ಟಿತ್ತು. ಬಸವನಗುಡಿ, ಮಲ್ಲೇಶ್ವರಗಳು ಎದ್ದದ್ದು ಆ ಹೊತ್ತಿನಲ್ಲೇ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯನ್ನು ಭಾರತದ ಮೊದಲ ಗೃಹ ಸಹಕಾರ ಸಂಘವೆಂದು ಗುರುತಿಸುತ್ತಾರೆ.

ಆರು ವರ್ಷಗಳ ನಂತರ, 1915ರಲ್ಲಿ, ಮುಂಬೈಯ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರ ಗೃಹ ಸಂಘ ನೋಂದಣಿಯಾಯಿತು. ಊರು ಮುಂಬೈಯಾದರೂ ಕಟ್ಟಿದವರು ಕೆನರಾ ಜಿಲ್ಲೆಗಳಿಂದ ಕೆಲಸಕ್ಕೆಂದು ಹೋದ ಚಿತ್ರಾಪುರ ಸಾರಸ್ವತರು. ಮುಂದೆ ನಿಂತವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಅವರೇ. ಗಾಮ್‌ದೇವಿಯ ಸಂಘಕ್ಕೆ ಅವರು ಆರಿಸಿಕೊಂಡದ್ದು ಇಂಗ್ಲೆಂಡಿನಲ್ಲಿ ಆಗಷ್ಟೇ ಬೇರುಬಿಟ್ಟಿದ್ದ ಬಾಡಿಗೆದಾರರ ಸಹಪಾಲುದಾರಿಕೆಯ ಪದ್ಧತಿಯನ್ನು. ಲಂಡನ್ನಿನ ಈಲಿಂಗ್‌ನಲ್ಲಿ 1901ರಲ್ಲಿ ಇಂಥದೊಂದು ಸಂಘ ಹುಟ್ಟಿತ್ತು. ಈ ಪದ್ಧತಿಯಲ್ಲಿ ಜಾಗವೂ ಕಟ್ಟಡವೂ ಸಂಘದ್ದು. ಸದಸ್ಯ ಷೇರು ಕೊಂಡು ಒಳಗೆ ಬರುತ್ತಾನೆ, ತಿಂಗಳಿಗಿಷ್ಟು ಎಂದು ಸಂಘಕ್ಕೇ ಬಾಡಿಗೆ ಕೊಡುತ್ತಾನೆ. ಮನೆ ಮಾರಿ ಲಾಭ ಮಾಡಿಕೊಳ್ಳುವ ದಾರಿ ಅವನಿಗಿಲ್ಲ. ಬಾಡಿಗೆ ಏರಿಸಿ ಹೊರಗೆ ಹಾಕುವ ಮಾಲೀಕನ ಭಯವೂ ಇಲ್ಲ.

ಕರ್ನಾಟಕದಲ್ಲಿ ಚಳವಳಿ ಈ ದಾರಿಯಲ್ಲಿ ಸಾಗಲಿಲ್ಲ. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಬೆಂಗಳೂರಿಗೆ ಸಾವಿರಾರು ನೌಕರರನ್ನು ತಂದವು. ಬ್ಯಾಂಕು, ಟೆಲಿಫೋನು, ನ್ಯಾಯಾಲಯ, ಸರ್ಕಾರಿ ಕಚೇರಿ ಹೀಗೆ ಒಂದೊಂದು ಕಡೆಯ ನೌಕರರೂ ತಮ್ಮದೇ ಸಂಘ ಮಾಡಿಕೊಂಡರು. ಇವೆಲ್ಲ ಈಗ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದಡಿ. ಬಿಇಎಲ್ ಬಡಾವಣೆ, ಟೆಲಿಕಾಂ ಬಡಾವಣೆ, ಜ್ಯುಡಿಶಿಯಲ್ ಬಡಾವಣೆ, ಬ್ಯಾಂಕ್ ಕಾಲೊನಿ ಎಂದು ಆಟೊದವರಿಗೆ ವಿಳಾಸ ಹೇಳುವಾಗ ನಾವು ಈ ಇತಿಹಾಸವನ್ನೇ ಉಚ್ಚರಿಸುತ್ತಿರುತ್ತೇವೆ. ಸಂಘ ಊರ ಹೊರಗೆ ಹೊಲ ಕೊಳ್ಳುತ್ತದೆ, ಅದನ್ನು ಕೃಷಿಯೇತರ ಬಳಕೆಗೆ ಕನ್ವರ್ಷನ್ ಮಾಡಿಸುತ್ತದೆ, ನಕ್ಷೆಗೆ ಅನುಮೋದನೆ ಪಡೆಯುತ್ತದೆ, ರಸ್ತೆ ಚರಂಡಿ ಹಾಕಿಸಿ ಸೀನಿಯಾರಿಟಿ ಪ್ರಕಾರ ಸೈಟು ಹಂಚುತ್ತದೆ. ಕ್ರಯಪತ್ರ ಆದ ದಿನ ಜಾಗ ಸದಸ್ಯನ ಸ್ವತ್ತು. ರಸ್ತೆ, ಉದ್ಯಾನ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾದ ಮೇಲೆ ಆ ಬಡಾವಣೆಯಲ್ಲಿ ಸಂಘಕ್ಕೆ ಹೆಚ್ಚಿನ ಕೆಲಸ ಉಳಿಯುವುದಿಲ್ಲ.

ಸೈಟು ಅಗ್ಗವಾಗುವುದಕ್ಕೆ ಎರಡೇ ಕಾರಣ. ಎಕರೆ ಲೆಕ್ಕದಲ್ಲಿ ಕೊಂಡ ಹೊಲವನ್ನು ಲಾಭವಿಲ್ಲದೆ ಅಡಿ ಲೆಕ್ಕದಲ್ಲಿ ಹಂಚುವುದು ಒಂದು. ಎರಡನೆಯದು ಕಾಯುವಿಕೆ: ಊರು ಇನ್ನೂ ಬಾರದ ಕಡೆ ನೆಲ ಹಿಡಿದು, ಊರು ಬರುವವರೆಗೆ ಸದಸ್ಯರು ಕಾಯಬೇಕು. ಕಟ್ಟಿದ ಹಣಕ್ಕೆ ಬಡ್ಡಿಯಿಲ್ಲದ, ಈ ಕಡೆ ಬಾಡಿಗೆಯೂ ತಪ್ಪದ ವರ್ಷಗಳವು. ಸೇರುವಾಗ ತೊಟ್ಟಿಲಲ್ಲಿದ್ದ ಮಗು ಗೃಹಪ್ರವೇಶದ ಹೊತ್ತಿಗೆ ಹೈಸ್ಕೂಲು ಮುಟ್ಟಿರುವ ಮನೆಗಳು ಬೆಂಗಳೂರಿನಲ್ಲಿ ಅಪರೂಪವಲ್ಲ. ಸೈಟಿನ ದರ ನೋಡುವವರು ಈ ಬಾಡಿಗೆಯನ್ನೂ ಅದರ ಜೊತೆ ಕೂಡಬೇಕು.

ಸಂಘದ ಮಾತನ್ನು ಅಳೆಯಲು ಅಂಗೈಯಗಲದ ಲೆಕ್ಕವೊಂದಿದೆ. ಒಂದು ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದರೆ ಸೈಟಿಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಮೂವತ್ತು-ನಲವತ್ತರ ಸೈಟು 1,200 ಚದರ ಅಡಿ. ಆದ್ದರಿಂದ ಎಕರೆಗೆ 18ರಿಂದ 20 ಸೈಟು. ಇಪ್ಪತ್ತು ಎಕರೆ ಇರುವ ಸಂಘ ಹೆಚ್ಚೆಂದರೆ ನಾನೂರು ಮಂದಿಗೆ ಕೊಡಬಲ್ಲದು. ಮುಂಗಡ ಕಟ್ಟಿಸಿಕೊಂಡದ್ದು ಸಾವಿರ ಮಂದಿಯಿಂದಾದರೆ ಕನಿಷ್ಠ ಆರುನೂರು ಮಂದಿ ಕಾಯುತ್ತಿರುವುದು ಸಂಘ ಇನ್ನೂ ಕೊಂಡೇ ಇಲ್ಲದ ನೆಲಕ್ಕೆ. ಹಣ ಕಟ್ಟುವ ಮೊದಲು ಸಂಘದ ಹೆಸರಿಗೆ ನಿಜವಾಗಿ ನೋಂದಣಿಯಾದ ಎಕರೆ ಎಷ್ಟು, ಸೀನಿಯಾರಿಟಿ ಪಟ್ಟಿಯಲ್ಲಿ ತನ್ನ ಸಂಖ್ಯೆ ಎಷ್ಟು ಎಂದು ಕೇಳುವುದು ಸದಸ್ಯನ ಹಕ್ಕು. ಪಹಣಿ, ಋಣಭಾರ ಪ್ರಮಾಣಪತ್ರ (ಇಸಿ), ಕನ್ವರ್ಷನ್ ಆದೇಶ, ಅನುಮೋದಿತ ನಕ್ಷೆ, ಇತ್ತೀಚಿನ ಆಡಿಟ್ ವರದಿ ಇಷ್ಟನ್ನೂ ತೋರಿಸಲು ಹಿಂಜರಿಯುವ ಕಚೇರಿಯಲ್ಲಿ ಚೆಕ್ಕು ಬರೆಯಬಾರದು.

ಬೆಳೆಯುವ ಕುಟುಂಬಕ್ಕೆ ಸೈಟಿನ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವುಂಟು, ಅದನ್ನು ಕಡೆಗಣಿಸಬಾರದು. ಮನೆಯನ್ನು ಒಮ್ಮೆಗೇ ಮುಗಿಸಬೇಕಾಗಿಲ್ಲ. ಮೊದಲು ಒಂದು ಹಾಲು, ಒಂದು ರೂಮು, ಅಡುಗೆಮನೆ. ಮೋಲ್ಡಿಂಗ್ ಆದ ಮೇಲೂ ತಾರಸಿಯ ಮೂಲೆಗಳಲ್ಲಿ ಪಿಲ್ಲರಿನ ಕಂಬಿಗಳನ್ನು ಕತ್ತರಿಸದೆ ಮೇಲಕ್ಕೆ ಬಿಡುತ್ತಾರೆ. ಆ ತುಕ್ಕುಹಿಡಿದ ಕಂಬಿಗಳು ಮನೆಯವರ ಲೆಕ್ಕಾಚಾರ: ಮಗನ ಮದುವೆಗೆ ಮೇಲೊಂದು ಮಹಡಿ, ಇಲ್ಲವೆ ಸಾಲದ ಕಂತಿಗೆ ಆಸರೆಯಾಗುವ ಬಾಡಿಗೆ ಮನೆ. ಫ್ಲ್ಯಾಟಿನಲ್ಲಿ ಎರಡನೆಯ ಮಗು ಬಂದರೆ ಗೋಡೆ ಸರಿಸಲಾಗದು. ಇಪ್ಪತ್ತು-ಮೂವತ್ತರ ಪುಟ್ಟ ಸೈಟಿನಲ್ಲೂ ಮೇಲಕ್ಕೆ ಬೆಳೆಯಲು ಆಕಾಶವಿರುತ್ತದೆ.

ದುರುಪಯೋಗವೂ ಈ ಪದ್ಧತಿಯ ಬೆನ್ನಿಗೇ ಬಂತು. ಸರ್ಕಾರವೇ ರೈತರ ಜಮೀನನ್ನು ಸ್ವಾಧೀನ ಮಾಡಿ ಸಂಘಗಳಿಗೆ ಕೊಡುವ ಕ್ರಮ ಹೆಚ್ಚಿದಾಗ ನಡುವೆ ದಲ್ಲಾಳಿಗಳು ಸೇರಿಕೊಂಡರು. ಮನೆಯಿಲ್ಲದವರಿಗೆಂದು ಇದ್ದ ಸದಸ್ಯತ್ವಕ್ಕೆ ಅರ್ಹರಲ್ಲದವರೂ ಬಂದರು. ಜಿ.ವಿ.ಕೆ. ರಾವ್ ಅವರ ವಿಚಾರಣಾ ವರದಿ ಇಂಥ ಅಕ್ರಮಗಳನ್ನು ದಾಖಲಿಸಿತು. ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನೇ ಎತ್ತಿಹಿಡಿಯಲಿಲ್ಲ. ಸರ್ಕಾರದ ಪೂರ್ವಾನುಮತಿ ಪಡೆದ ವಸತಿ ಯೋಜನೆ ಇರಲಿಲ್ಲ, ದಲ್ಲಾಳಿಯೊಂದಿಗಿನ ಒಪ್ಪಂದವಿತ್ತು ಎಂಬುದು ತೀರ್ಪಿನ ತಿರುಳು. 2012ರಲ್ಲಿ ಬೆಂಗಳೂರಿನ ಇನ್ನೊಂದು ಸಂಘದ ವಿಷಯದಲ್ಲೂ ನ್ಯಾಯಾಲಯ ಅದೇ ಹಾದಿ ಹಿಡಿಯಿತು. ಇಂಥ ತೀರ್ಪುಗಳಿಂದ ಹೊಲ ಕಳೆದುಕೊಳ್ಳಲಿದ್ದ ರೈತನಿಗೆ ನ್ಯಾಯ ಸಿಕ್ಕಿತು, ಅದು ಸಿಗಲೇಬೇಕಿತ್ತು. ಆದರೆ ಒಳಗಿನ ವ್ಯವಹಾರ ಏನೂ ತಿಳಿಯದೆ ಪಿಎಫ್ ಸಾಲ ತೆಗೆದು ಕಂತು ಕಟ್ಟಿದ ನೌಕರನ ನಷ್ಟವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಕಾನೂನೂ ಬದಲಾಯಿತು. ಕೃಷಿಕರಲ್ಲದವರು ಮತ್ತು ಸಂಘ-ಸಂಸ್ಥೆಗಳು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ರಾಜ್ಯ 2020ರಲ್ಲಿ ತೆಗೆದುಹಾಕಿತು. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ತನ್ನ ಸದಸ್ಯರಿಗೆ ಮನೆ ಕಟ್ಟುವ ಸಹಕಾರ ಸಂಘವನ್ನೂ 'ಪ್ರವರ್ತಕ'ರ ಸಾಲಿಗೆ ಸೇರಿಸಿದೆ. ಸಂಘದೊಳಗಿನ ಜಗಳಕ್ಕೆ ಸಹಕಾರ ಕಾಯ್ದೆಯ 70ನೇ ಕಲಂ, ಆಡಳಿತದ ವಿಚಾರಣೆಗೆ 64ನೇ ಕಲಂ ಇವೆ. ಇಷ್ಟೆಲ್ಲಕ್ಕಿಂತ ಹತ್ತಿರದ ಅಸ್ತ್ರ ವಾರ್ಷಿಕ ಮಹಾಸಭೆ. ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಆ ದಿನ ಹೋಗಿ ಕೂತು ಲೆಕ್ಕ ಕೇಳುವವರು ಇರುವ ಸಂಘ ಕೆಡುವುದು ಕಷ್ಟ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ಸಹಕಾರ ಸಂಘಗಳೆಂದು ತಿಳಿಯಬಾರದು. ಹಲವು ಕಡೆ ಇರುವುದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯ ಮಾಲೀಕರ ಒಕ್ಕೂಟ. ಮಹಾರಾಷ್ಟ್ರದಲ್ಲಿ ಮಾತ್ರ ಫ್ಲ್ಯಾಟು ಮತ್ತು ಸಹಕಾರ ಬಿಡಿಸಲಾರದಂತೆ ಹೆಣೆದುಕೊಂಡಿವೆ. ಮುಂಬೈಗೆ ಹೋಗಿ ನೆಲೆಸುವ ಕನ್ನಡ ಕುಟುಂಬ ಮೊದಲು ಕೇಳಬೇಕಾದ ಕಾಗದ ಷೇರು ಪ್ರಮಾಣಪತ್ರ. ಎರಡನೆಯದು ನೆಲ ಬಿಲ್ಡರ್‌ನಿಂದ ಸೊಸೈಟಿಯ ಹೆಸರಿಗೆ ಬಂದಿದೆಯೇ ಎಂಬುದಕ್ಕೆ ಪುರಾವೆ. ಹಳೆಯ ಫ್ಲ್ಯಾಟು ಕೊಳ್ಳುವಾಗ ಸೊಸೈಟಿ ಕೇಳಬಹುದಾದ ವರ್ಗಾವಣೆ ಶುಲ್ಕಕ್ಕೆ 25,000 ರೂಪಾಯಿಯ ಮಿತಿಯಿದೆ. ಆದರೂ ಫ್ಲ್ಯಾಟಿನ ಬೆಲೆ ಮಾರುಕಟ್ಟೆಯದೇ. ಸಹಕಾರ ಅಲ್ಲಿ ಕಟ್ಟಡವನ್ನು ಉಳಿಸಿದೆ, ಅಗ್ಗವನ್ನು ಉಳಿಸಿಲ್ಲ. ನಮ್ಮ ಸೈಟಿನ ಕಥೆಯೂ ಅದೇ: ಮೊದಲ ಸದಸ್ಯನಿಗೆ ಅಗ್ಗ, ಅವನಿಂದ ಕೊಳ್ಳುವವನಿಗೆ ಪೇಟೆ ಬೆಲೆ.

ಅಗ್ಗವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ತಲ್ಮಕಿಯವರು ಆರಿಸಿದಂಥ ಪದ್ಧತಿ, ಮನೆಯನ್ನು ಸಂಘವೇ ಇಟ್ಟುಕೊಳ್ಳುವ ಪದ್ಧತಿ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಅದು ಇಂದಿಗೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. 1916ರಲ್ಲಿ ಹುಟ್ಟಿದ ಎಬಿಝಡ್ ಅಲ್ಲಿನ ದೊಡ್ಡ ಸಂಘ. 2050ರ ಹೊತ್ತಿಗೆ ನಗರದ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಭಾಗ ಲಾಭರಹಿತವಾಗಿರಬೇಕೆಂದು ಜೂರಿಕ್ಕಿನ ಮತದಾರರು 2011ರಲ್ಲಿ ತೀರ್ಮಾನಿಸಿದರು. ಅಲ್ಲಿ ಬಾಡಿಗೆ ಸಂಘಕ್ಕೆ ಬೀಳುವ ಖರ್ಚಿನಷ್ಟೇ. ಬಿಟ್ಟುಹೋಗುವಾಗ ಷೇರಿನ ಹಣ ವಾಪಸು, ಅದರ ಮೇಲೆ ಲಾಭವಿಲ್ಲ. ಮನೆಯ ರೂಮುಗಳ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಎಷ್ಟೋ ಕನಿಷ್ಠ ಅಷ್ಟು ಜನ ಅಲ್ಲಿ ವಾಸಿಸಬೇಕೆಂಬ ನಿಯಮವನ್ನು ಹಲವು ಸಂಘಗಳು ಇಟ್ಟುಕೊಂಡಿವೆ. ಮಕ್ಕಳು ಬೆಳೆದು ಬೇರೆ ಹೋದ ಮೇಲೆ ಹಿರಿಯರು ಅದೇ ಸಂಘದ ಚಿಕ್ಕ ಮನೆಗೆ ಹೋಗುತ್ತಾರೆ, ತೆರವಾದ ನಾಲ್ಕು ರೂಮಿನ ಮನೆಗೆ ಮಕ್ಕಳೊಂದಿಗರು ಅದೇ ಖರ್ಚಿನ ಬಾಡಿಗೆಯಲ್ಲಿ ಬರುತ್ತಾರೆ.